ಆಲೂಗಡ್ಡೆಗೆ ಸೇರಿಸಿದ ಜೀನು: ಒಂದು ವಿಮರ್ಶೆ

ಸಸ್ಯಕ್ಕೆ ಹೊರಗಿನ ಜೀನೊಂದನ್ನು ಸೇರಿಸಿದಾಗ ಬಯಸಿದ ಗುಣವೊಂದೇ ಬರುವುದೋ, ಇಡೀ ಸಸ್ಯದ ಬೆಳವಣಿಗೆಯೇ ಮಾರ್ಪಡುವುದೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ದೆಹಲಿಯಲ್ಲಿ ಆಶಿಸ್ ದತ್ತ, ಶುಭ್ರಾ ಚಕ್ರವರ್ತಿ ಮತ್ತು ಅವರ ಸಹೋದ್ಯೋಗಿಗಳು ನಡೆಸಿ, 2000 ಮತ್ತು 2010ರಲ್ಲಿ ಪ್ರಕಟಿಸಿದ ಸಂಶೋಧನೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ.

ದಂಟಿನ ಕುಲಕ್ಕೆ ಸೇರಿದ ರಾಜಗಿರದ ಬೀಜದಲ್ಲಿರುವ ಒಂದು ಪ್ರೋಟೀನಿನ ಜೀನನ್ನು ಇವರು ಆಲೂಗಡ್ಡೆಗೆ ಸೇರಿಸಿದರು. ಎರಡನೆಯ ಪ್ರಬಂಧದಲ್ಲಿ ಏಳು ತಳಿಗಳನ್ನು ಆರಿಸಿಕೊಂಡು, ಜೀನು ಗಡ್ಡೆಯಲ್ಲಿ ಮಾತ್ರ ಕೆಲಸಮಾಡುವಂತೆ ಏರ್ಪಡಿಸಿದರು. ಗಡ್ಡೆಯ ಪ್ರೋಟೀನು ಶೇಕಡ 60ರವರೆಗೆ ಹೆಚ್ಚಿತು, ದ್ಯುತಿಸಂಶ್ಲೇಷಣೆ ಚುರುಕಾಯಿತು, ಗಡ್ಡೆಯ ಇಳುವರಿಯೂ ಸಾಧಾರಣವಾಗಿ ಏರಿತು.

ಜನರ ಗಮನವನ್ನೆಲ್ಲ ಸೆಳೆದದ್ದು ಪ್ರೋಟೀನು. ಆದರೆ ನೂರು ಗ್ರಾಂ ಹಸಿ ಆಲೂಗಡ್ಡೆಯಲ್ಲಿರುವ ಪ್ರೋಟೀನು ಸುಮಾರು 2 ಗ್ರಾಂ ಮಾತ್ರ. ಅದು ಶೇಕಡ 60ರಷ್ಟು ಹೆಚ್ಚಿದರೂ ಇನ್ನೂರು ಗ್ರಾಂ ತಿಂದವನಿಗೆ ದೊರೆಯುವ ಅಧಿಕಾಂಶ ಸುಮಾರು 2.4 ಗ್ರಾಂ. ಇದು ಅಲ್ಪವಲ್ಲದಿದ್ದರೂ ಅದ್ಭುತವೂ ಅಲ್ಲ.

ನಿಜವಾದ ಕುತೂಹಲವಿರುವುದು ಬೇರೆಡೆ. ಜೀನು ಕೆಲಸಮಾಡುವುದು ನೆಲದೊಳಗಿನ ಗಡ್ಡೆಯಲ್ಲಿ. ಚುರುಕಾದುದು ಮೇಲಿನ ಎಲೆ. ಗಡ್ಡೆಯು ಸಕ್ಕರೆಯನ್ನು ಹೆಚ್ಚಾಗಿ ಸೆಳೆದುಕೊಂಡರೆ ಎಲೆಯು ಹೆಚ್ಚು ದುಡಿಯುವುದೆಂಬುದು ಸಸ್ಯಕ್ರಿಯಾಶಾಸ್ತ್ರಕ್ಕೆ ಹೊಸದಲ್ಲ. ಇಲ್ಲಿಯೂ ಹಾಗೆಯೇ ನಡೆದಿರಬಹುದೆಂದು ನಮಗೆ ತೋರುತ್ತದೆ. ಆದರೆ ಗಡ್ಡೆಯಲ್ಲಿ ಮಾರ್ಪಟ್ಟ ಪ್ರೋಟೀನುಗಳ ಪಟ್ಟಿಯಿಂದ ಯಾವುದು ಕಾರಣ, ಯಾವುದು ಕಾರ್ಯ ಎಂಬುದು ನಿರ್ಣಯವಾಗಲಾರದು. ಅದಕ್ಕೆ ಕಸಿಯೇ ತಕ್ಕ ಪರೀಕ್ಷೆ: ಜೀನು ಸೇರಿದ ಬುಡಕ್ಕೆ ಸಾಮಾನ್ಯ ಸಸ್ಯದ ತುದಿಯನ್ನು ಕಟ್ಟಿ, ಎಲೆಯ ದುಡಿಮೆಯನ್ನು ಅಳೆಯಬೇಕು.

ಈ ವಿಧಾನದ ಬಲಕ್ಕೆ 2011ರಲ್ಲಿ ಪ್ರಕಟವಾದ, ಸಲೋಮೆ ಪ್ರಾಟ್ ಮತ್ತು ಸಂಗಡಿಗರ ಸಂಶೋಧನೆಯೇ ನಿದರ್ಶನ. ಹಗಲು ಕಿರಿದಾದಾಗ ಮಾತ್ರ ಗಡ್ಡೆ ಕಟ್ಟುವ ಆಲೂಗಡ್ಡೆಗೆ, ಬತ್ತದಲ್ಲಿ ಹೂವನ್ನು ಪ್ರೇರಿಸುವ ಜೀನನ್ನು ಅವರು ಸೇರಿಸಿದರು. ಅದು ದೀರ್ಘ ಹಗಲಿನಲ್ಲಿಯೂ ಗಡ್ಡೆ ಕಟ್ಟಿತು. ಆ ಸಂಕೇತವು ಕಸಿಯ ಗಾಯವನ್ನು ದಾಟಿ ಬುಡಕ್ಕೆ ಇಳಿಯುವುದೆಂಬುದೂ ಸಿದ್ಧವಾಯಿತು.

ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಮುಂಗಾರಿಗೆ ಬಿತ್ತುವ ಹಾಸನದ ರೈತನು ಗಡ್ಡೆಯನ್ನು ಮಾರುವುದು ತೂಕಕ್ಕೆ, ಪ್ರೋಟೀನಿಗಲ್ಲ. ಅಂಗಮಾರಿ ರೋಗವನ್ನೂ ದೀರ್ಘವಾದ ಹಗಲನ್ನೂ ಎದುರಿಸುವ ಅವನ ಹೊಲದಲ್ಲಿ ಇಳುವರಿಯ ಏರಿಕೆ ನಿಲ್ಲುವುದೇ ಎಂಬುದನ್ನು, ಕಾರಣವನ್ನು ಅರಿಯದೆ ಊಹಿಸಲಾಗದು. ಗಡ್ಡೆಯೂ ಎಲೆಯೂ ಪರಸ್ಪರ ಅವಲಂಬಿಸಿರುವ ಈ ತತ್ತ್ವವನ್ನು ತಿಳಿಯಲು ಹೊರಗಿನ ಜೀನೂ ಬೇಕಿಲ್ಲ. ಕೆಂಗೇರಿ, ವಿಜಯನಗರಗಳ ಕಾಲೇಜಿನ ವಿದ್ಯಾರ್ಥಿಗಳು ಕುಂಡದಲ್ಲಿ ಬೆಳೆದ ಗಿಡಗಳಲ್ಲಿ ಕೆಲವಕ್ಕೆ ಎಳೆಗಡ್ಡೆಗಳನ್ನು ಕಿತ್ತು, ಉಳಿದವುಗಳೊಡನೆ ಹೋಲಿಸಿದರೆ ಸಾಕು. ಪ್ರಬಂಧಗಳನ್ನು ಓದುವ ವಿವೇಚನೆಯೂ ಆ ಕುಂಡದಿಂದಲೇ ಬೆಳೆಯಬಲ್ಲದು.