ಆ ಒಂದಿಂಚು ಎಲ್ಲಿಂದ ಬಂತು?

ಸ್ವಿಫ್ಟಿನ ಹದಿನಾಲ್ಕಿಂಚಿನ ಚಕ್ರ ತೆಗೆಸಿ ಹದಿನಾರಿಂಚಿನ ಅಲಾಯ್ ಹಾಕಿಸಲೇ ಎಂಬ ಪ್ರಶ್ನೆ ಈ ವಾರವೂ ಬಂದಿದೆ. ಲೆಕ್ಕವೇನೋ ಕೂಡುತ್ತದೆ. 165/80 ಆರ್14 ಟಯರಿನ ಒಟ್ಟು ಎತ್ತರ ಸುಮಾರು 620 ಮಿ.ಮೀ. ಮೇಲಿನ ಮಾದರಿಗೆ ಕಂಪನಿಯೇ ಕೊಡುವ 185/65 ಆರ್15 ಅದಕ್ಕಿಂತ ಎರಡೇ ಮಿ.ಮೀ. ಜಾಸ್ತಿ. 195/55 ಆರ್16 ಹಾಕಿದರೂ 621. ಸ್ಪೀಡೋಮೀಟರಿಗೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ದೊಡ್ಡ ರಿಮ್ಮಿಗೆ ಜಾಗ ಎಲ್ಲಿಂದ ಬಂತು? ಟಯರಿನ ಹೊಟ್ಟೆಯಿಂದ. ಮೊದಲು ಸೈಡ್‌ವಾಲ್ 132 ಮಿ.ಮೀ. ಇತ್ತು, ಈಗ 107. ಬರೋಬ್ಬರಿ ಒಂದಿಂಚು ಹೋಯಿತು. ನಮ್ಮ ಹೊಂಡಗಳ ಏಟು ತಿನ್ನುತ್ತಿದ್ದದ್ದು ಅದೇ ಇಂಚು. ಇನ್ನು ಮೇಲೆ ಏಟು ರಿಮ್ಮಿಗೆ. ಸ್ಟೀಲ್ ಆದರೆ ಸೊಟ್ಟಗಾಗುತ್ತದೆ, ಬಡಿದು ನೇರ ಮಾಡುತ್ತಾರೆ. ಅಲಾಯ್ ಬಿರುಕು ಬಿಡುತ್ತದೆ, ಅದೂ ಒಳಅಂಚಿನಲ್ಲಿ, ನಿಂತು ನೋಡಿದರೆ ಕಾಣದ ಕಡೆ.

ಅಗಲವಾದಷ್ಟೂ ಗ್ರಿಪ್ ಎನ್ನುವ ಪಂಥದವರ ಜತೆ ನನ್ನದು ಹಳೇ ಜಗಳ. ಒಣ ರಸ್ತೆಯ ತಿರುವಿನಲ್ಲಿ ಸ್ಟಿಯರಿಂಗ್ ಚುರುಕಾಗುತ್ತದೆ, ಒಪ್ಪಿದೆ. ಆದರೆ ಆಷಾಢದ ಶಿರಾಡಿಯಲ್ಲಿ, ನೀರು ನಿಂತ ಕಡೆ, ಅಗಲದ ಟಯರೇ ಬೇಗ ತೇಲುವುದು. ನನ್ನ ಮಟ್ಟಿಗೆ ಈ ವಿಷಯದ ಶಾಸ್ತ್ರಗ್ರಂಥವೆಂದರೆ ಚಾಲಕನ ಬಾಗಿಲು ತೆಗೆದಾಗ ಕಾಣುವ ಚೀಟಿ. ಅಳತೆ, ಗಾಳಿ ಎರಡೂ ಅದರಲ್ಲಿವೆ. ಹದಿನೈದಿಂಚಿನವರೆಗೆ ಹೋಗಿ, ಮುಂದೆ ಬೇಡ. ಲೋಡ್ ಇಂಡೆಕ್ಸ್ ಮಾತ್ರ ಹಳೆಯದಕ್ಕಿಂತ ಇಳಿಯಕೂಡದು. 85 ಅಂದರೆ ಒಂದು ಟಯರು 515 ಕಿಲೋ ಹೊರುತ್ತದೆ.

ಇದೆಲ್ಲಕ್ಕಿಂತ ಸ್ಟೆಪ್ನಿ ಜರೂರು. ನಾಲ್ಕು ಚಕ್ರಕ್ಕೆ ಧಾರಾಳವಾಗಿ ಖರ್ಚು ಮಾಡಿದವರು ಡಿಕ್ಕಿಯ ಮ್ಯಾಟ್ ಎತ್ತಿ ನೋಡುವುದೇ ಇಲ್ಲ. ನೋಡಿದರೂ, ಗುಂಡಿ ಸವೆದಿಲ್ಲ, ಹೊಸದಾಗೇ ಇದೆ ಎಂದು ಮುಚ್ಚುತ್ತಾರೆ. ಸೈಡ್‌ವಾಲಿನ ಮೇಲೆ ಡಾಟ್ ಅಕ್ಷರಗಳ ಸಾಲಿನ ಕೊನೆಯಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 2316 ಎಂದಿದ್ದರೆ ಅದು 2016ರ ಇಪ್ಪತ್ಮೂರನೇ ವಾರ ಹುಟ್ಟಿದ ಟಯರು. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಗಟ್ಟಿಯಾಗುತ್ತದೆ, ಸಣ್ಣ ಸಣ್ಣ ಬಿರುಕು ಬಿಡುತ್ತದೆ.

ಇನ್ನೊಂದು. ಹೊಸ ಅಲಾಯ್ ಜತೆ ಕೊಟ್ಟ ನಟ್ಟು ಸ್ಟೀಲ್ ಸ್ಟೆಪ್ನಿಗೆ ಸರಿಯಾಗಿ ಕೂರದೇ ಹೋಗಬಹುದು. ಹಳೇ ನಟ್ಟುಗಳನ್ನು ಕೇಳಿ ಇಸಿದುಕೊಂಡು ಜಾಕ್ ಪಕ್ಕ ಇಡಿ. ತೆಗೆದ ನಾಲ್ಕರಲ್ಲಿ ಸ್ಟೆಪ್ನಿಗಿಂತ ಎಳೆಯದೊಂದಿದ್ದರೆ ಅದನ್ನು ಎಕ್ಸ್‌ಚೇಂಜಿಗೆ ಬಿಡಬೇಡಿ.