ಗೈರುಹಾಜರಿಯನ್ನು ಓದುವ ಬಗೆ: ಬೇಸಿಗೆ ಸೇವಾ ವರದಿಯೊಂದರ ವಿಮರ್ಶೆ

ಕ್ರೈಸ್ತ ಸಭೆಯ ಕನ್ನಡ ಬರವಣಿಗೆಯಲ್ಲಿ ಹೆಚ್ಚಾಗಿ ಬರೆಯಲ್ಪಡುವ, ಕಡಮೆಯಾಗಿ ಓದಲ್ಪಡುವ ಪ್ರಕಾರವೊಂದಿದ್ದರೆ ಅದು ಸೇವಾ ವರದಿ. ಪ್ರಸಂಗವನ್ನು ಸಭೆಯು ಕೇಳುತ್ತದೆ, ಕೀರ್ತನೆಯನ್ನು ಹಾಡುತ್ತದೆ; ವರದಿಯನ್ನು ಮಾತ್ರ ಒಬ್ಬರು ಬರೆದು, ಇನ್ನೊಬ್ಬರು ಸಹಿ ಹಾಕಿ, ಕಪಾಟಿನಲ್ಲಿ ಇಡುತ್ತಾರೆ. ಆದರೂ ಹೊಸದಾಗಿ ಸೇವೆಗೆ ಬಂದ ಸಭಾಪಾಲಕನು ತನ್ನ ಜನರ ಕುರಿತು ಮೊದಲ ಬಾರಿಗೆ ತೀರ್ಪು ನುಡಿಯುವುದು ಈ ಬರವಣಿಗೆಯಲ್ಲಿಯೇ. ಆದಕಾರಣ ಇದನ್ನೂ ಒಂದು ಕಥನವೆಂದು ಭಾವಿಸಿ, ಕಥನಕ್ಕೆ ಸಲ್ಲುವ ನಿಷ್ಠೆಯಿಂದ ಓದಬೇಕೆಂಬುದು ನಮ್ಮ ಅಭಿಪ್ರಾಯ.

ಇಲ್ಲಿ ನಾವು ಎತ್ತಿಕೊಂಡಿರುವುದು ಸಿಂಧನೂರು, ಮಸ್ಕಿ, ಲಿಂಗಸುಗೂರು ಪ್ರದೇಶಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳ ಬೇಸಿಗೆ ಸೇವಾ ತರಬೇತಿಯನ್ನು ಪೂರೈಸಿದ ಹೊಸ ಸಭಾಪಾಲಕರೊಬ್ಬರ ವರದಿಯನ್ನು. ಅವರ ಸಮ್ಮತಿಯಿದ್ದರೂ ಅವರ ಹೆಸರನ್ನಾಗಲಿ ಸಭೆಗಳ ಹೆಸರನ್ನಾಗಲಿ ಕೊಡುವುದಿಲ್ಲ. ನಮ್ಮ ವಿಮರ್ಶೆಗೆ ವಸ್ತುವಾಗಿರುವುದು ವ್ಯಕ್ತಿಯಲ್ಲ, ಅವರ ಕೈಗೆ ಕೊಡಲ್ಪಟ್ಟ ಬರವಣಿಗೆಯ ಅಚ್ಚು. ಮೂರು ಊರುಗಳೂ ಒಂದೇ ಹೆದ್ದಾರಿಯ ಮೇಲಿವೆ. ಮಸ್ಕಿಯು ನಡುವೆ ಇದೆ. ವರದಿಯೂ ಅದೇ ದಾರಿಯಲ್ಲಿ ಮೂರು ಅಧ್ಯಾಯಗಳಾಗಿ ಸಾಗುತ್ತದೆ. ಬೆಳಿಗ್ಗೆ ಮಕ್ಕಳಿಗಾಗಿ ರಜಾಕಾಲದ ಸತ್ಯವೇದ ಶಾಲೆ, ಬಿಸಿಲು ಇಳಿದ ಮೇಲೆ ಮನೆಗಳ ಸಂದರ್ಶನ, ರಾತ್ರಿ ಅಂಗಳದಲ್ಲಿ ಪ್ರಾರ್ಥನಾಕೂಟ, ಭಾನುವಾರ ಆರಾಧನೆ. ರಾಯಚೂರು ಸೀಮೆಯ ಬಿಸಿಲಿನ ವರ್ಣನೆ ಚೆನ್ನಾಗಿದೆ. ಅದು ಬಿಸಿಲನ್ನು ಉಂಡವರ ಬರವಣಿಗೆ. ಬಡಾಯಿ ಎಲ್ಲಿಯೂ ಇಲ್ಲ. ತರಬೇತಿ ವರದಿಗಳಲ್ಲಿ ಇದು ಸಣ್ಣ ಗುಣವಲ್ಲ.

ಈ ಪ್ರಕಾರದ ವಂಶಾವಳಿಯನ್ನು ಒಂದು ಮಾತಿನಲ್ಲಾದರೂ ನೆನೆಯಬೇಕು. 1834ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿಗೆ ಬಂದಾಗ, ಆ ಮಿಷನಿನ ಪತ್ರಿಕೆಯು ಸ್ವದೇಶದಲ್ಲಿ ಆಗಲೇ ಕೆಲವು ವರ್ಷಗಳಿಂದ ಪ್ರಕಟವಾಗುತ್ತಿತ್ತು. ದೂರದೇಶದಿಂದ ಬಂದ ಪತ್ರ ಮತ್ತು ವರದಿಗಳನ್ನು ಕಾಣಿಕೆ ಕೊಡುವವರು ಓದುತ್ತಿದ್ದರು. ಹಾಗೆ ಓದಿಸಿಕೊಳ್ಳುವ ಬರವಣಿಗೆಗೆ ಸಂಖ್ಯೆ ಬೇಕು, ನಿರೀಕ್ಷೆ ಬೇಕು, ಹೊಲ ಮತ್ತು ಸುಗ್ಗಿಯ ಉಪಮೆ ಬೇಕು. ಅದೇ ಮಿಷನಿನ ಕಿಟ್ಟೆಲ್ಲರು 1894ರಲ್ಲಿ ಹೊರತಂದ ನಿಘಂಟಿನಲ್ಲಿ ಜನರಾಡುವ ಗಾದೆಗಳಿಗೂ ಜಾಗವಿತ್ತೆಂಬುದನ್ನು ಮರೆಯಲಾಗದು. ಎಣಿಸುವ ಕೈಯೂ ಆಲಿಸುವ ಕಿವಿಯೂ ನಮಗೆ ಒಂದೇ ಮನೆಯಿಂದ ಬಂದಿವೆ. ವರದಿಯ ನಮೂನೆಯು ಮೊದಲನೆಯದನ್ನು ಮಾತ್ರ ಉಳಿಸಿಕೊಂಡಿದೆ.

ಸಿಂಧನೂರಿನ ಅಧ್ಯಾಯವು ಮತ್ತಾಯನ ಸುವಾರ್ತೆಯ 9ನೆಯ ಅಧ್ಯಾಯದ ಕೊನೆಯ ವಚನಗಳಿಂದ, ಅಂದರೆ ಬೆಳೆ ಹೆಚ್ಚು, ಕೊಯ್ಯುವವರು ಕಡಮೆ ಎಂಬ ಕರ್ತನ ಮಾತಿನಿಂದ ಆರಂಭವಾಗುತ್ತದೆ. ಇಂಥ ವರದಿಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಆರಂಭವಾಗುತ್ತವೆ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡಿನಲ್ಲಿ ನಿಂತು ಈ ಮಾತನ್ನು ಬರೆಯುವವರು ಸುತ್ತಲೂ ಒಮ್ಮೆ ನೋಡಬೇಕಾಗಿತ್ತು. ಕಾಲುವೆಗೆ ನೀರು ಬಿಟ್ಟ ವರ್ಷಗಳಲ್ಲಿ ಎರಡನೆಯ ಬೆಳೆಯ ಕೊಯ್ಲು ಬೀಳುವುದು ಇದೇ ಬೇಸಿಗೆಯಲ್ಲಿ. ಗದ್ದೆಗಿಳಿಯುವುದು ಕಟಾವು ಯಂತ್ರ. ಅಲ್ಲಿ ಬೆಳೆ ಬಹಳವಿದೆ, ಕೆಲಸವೇ ಕಡಮೆ. ಕೈಗಳು ಬಿಡುವಾಗಿ ನಿಂತಿವೆ. ಆ ಸ್ಥಳಕ್ಕೆ ಹತ್ತಿರದ ವಾಕ್ಯವು ಅದೇ ಸುವಾರ್ತೆಯ 20ನೆಯ ಅಧ್ಯಾಯದಲ್ಲಿದೆ: ಸಂತೆಬೀದಿಯಲ್ಲಿ ಸಾಯಂಕಾಲದ ತನಕ ಕರೆಯುವವರಿಲ್ಲದೆ ನಿಂತ ಕೂಲಿಯವರ ಸಾಮ್ಯ. ಕೂಲಿಯವರ ಸಭೆಯೊಂದಕ್ಕೆ ಮೊದಲ ಭಾನುವಾರ ಕೆಲಸದವರ ಕೊರತೆಯ ಕುರಿತು ಪ್ರಸಂಗ ಮಾಡಿದಾಗ ಮುಖಗಳಲ್ಲಿ ಯಾವ ಪ್ರತಿಕ್ರಿಯೆಯೂ ಕಾಣಲಿಲ್ಲವೆಂದು ವರದಿ ಹೇಳುತ್ತದೆ. ನಮಗೆ ಅದರಲ್ಲಿ ಆಶ್ಚರ್ಯವಿಲ್ಲ.

ಸಿಂಧನೂರಿನ ಇತರ ಸಂಗತಿಗಳು ಬೇಗನೆ ಮುಗಿದುಹೋಗುತ್ತವೆ. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು, 1971ರ ಆಸುಪಾಸಿನಲ್ಲಿ ಪೂರ್ವ ಬಂಗಾಳದಿಂದ ಬಂದವರಿಗಾಗಿ ಮಾಡಿದ ಪುನರ್ವಸತಿ ಕ್ಯಾಂಪುಗಳು, ತೆಲುಗಿನ ಹಾಡು ಮತ್ತು ಕನ್ನಡದ ಪ್ರಾರ್ಥನೆ ಒಂದೇ ಅಂಗಳದಲ್ಲಿ ಸೇರುವ ರಾತ್ರಿಕೂಟಗಳು ಒಂದೆರಡು ವಾಕ್ಯಗಳಲ್ಲಿ ದಾಟಿಹೋಗಿವೆ. ಬಂದು ನೆಲೆಸುವವರ ಊರಿನಿಂದ ಬಿಟ್ಟು ಹೋಗುವವರ ಊರಿಗೆ ಒಂದು ಗಂಟೆಯೊಳಗಿನ ಬಸ್ ಪ್ರಯಾಣವೆಂಬುದು ವರದಿಕಾರರ ಕಣ್ಣಿಗೆ ಬಿದ್ದಿದ್ದರೆ ಮುಂದಿನ ಅಧ್ಯಾಯವು ಬೇರೆಯೇ ಆಗುತ್ತಿತ್ತು.

ಮಸ್ಕಿಯ ಅಧ್ಯಾಯವೇ ಈ ವರದಿಯ ತಿರುಳು. ಅದರಲ್ಲಿ ಎರಡು ಹೇಳಿಕೆಗಳು ಒಂದೇ ಪುಟದಲ್ಲಿವೆ. ಮಕ್ಕಳ ಶಾಲೆಗೆ ನಿರೀಕ್ಷೆಗಿಂತ ಹೆಚ್ಚು ಮಕ್ಕಳು ಬಂದರು, ಇದು ಉಜ್ಜೀವನದ ಲಕ್ಷಣ ಎಂಬುದು ಒಂದು. ಭಾನುವಾರದ ಆರಾಧನೆಗೆ ನಡುವಯಸ್ಸಿನವರು ಬಹಳ ಕಡಮೆ ಬಂದರು, ಇದು ವಿಶ್ವಾಸ ತಣ್ಣಗಾದುದರ ಲಕ್ಷಣ ಎಂಬುದು ಇನ್ನೊಂದು. ಎರಡೂ ಸಂಗತಿಗಳು ನಿಜ; ವರದಿಕಾರರು ಎಣಿಕೆಯಲ್ಲಿ ತಪ್ಪಿಲ್ಲ. ಆದರೆ ಎರಡಕ್ಕೂ ಕಾರಣ ಒಂದೇ ಎಂಬುದನ್ನು ಅವರು ಕಂಡಿಲ್ಲ. ತಂದೆತಾಯಿಗಳು ದುಡಿಯಲು ಬೆಂಗಳೂರು, ಪುಣೆ, ಗೋವಾಗಳಿಗೆ ಹೋಗಿದ್ದಾರೆ. ಮಕ್ಕಳನ್ನು ಅಜ್ಜಿಯರ ಬಳಿ ಬಿಟ್ಟಿದ್ದಾರೆ. ಮಕ್ಕಳ ಶಾಲೆ ತುಂಬಿದ್ದೂ ಆರಾಧನೆಯ ಚಾಪೆ ಬರಿದಾದದ್ದೂ ಒಂದೇ ಗುಳೆಯಿಂದ.

‘ಗುಳೆ’ ಎಂಬ ಈ ಶಬ್ದವು ಇಡೀ ವರದಿಯಲ್ಲಿ ಒಂದೇ ಒಂದು ಸಲ, ಅದೂ ಮುದುಕಿಯೊಬ್ಬರ ಬಾಯಿಯ ಮಾತಾಗಿ, ಉದ್ಧರಣ ಚಿಹ್ನೆಗಳ ನಡುವೆ ಬರುತ್ತದೆ. ಉಳಿದ ಕಡೆಗಳಲ್ಲಿ ‘ಉದ್ಯೋಗ ನಿಮಿತ್ತ ಪರಸ್ಥಳ ವಾಸ’ ಎಂದಿದೆ. ಹೀಗೆ ಬರೆದ ಕೂಡಲೇ ವರ್ಗಾವಣೆಯಾದ ಗುಮಾಸ್ತನೂ ಕಟ್ಟಡದ ಕಂಬಿಯ ನಡುವೆ ತಗಡಿನ ಗುಡಿಸಲಲ್ಲಿ ಮಲಗುವ ಕುಟುಂಬವೂ ಒಂದೇ ಆಗಿಬಿಡುತ್ತಾರೆ. ಗುಳೆ ಎಂಬುದರಲ್ಲಿ ಮಳೆ ಕೈಕೊಟ್ಟದ್ದಿದೆ, ಮುಂಗಡ ಪಡೆದದ್ದಿದೆ, ಮನೆಗೆ ಬೀಗ ಹಾಕಿದ್ದಿದೆ, ಮರಳಿ ಬರುವ ಮನಸ್ಸಿದೆ. ಮಸ್ಕಿ ತಾಲ್ಲೂಕಿನ ಕೆಲವು ಹಳ್ಳಿಗಳಿಗೆ ಕಾಲುವೆಯ ನೀರಿದೆ, ಹಲವು ಹಳ್ಳಿಗಳಿಗಿಲ್ಲ. ಕಾಲುವೆ ಇದ್ದರೂ ಕೊನೆಯ ಭಾಗದವರಿಗೆ ಅದು ಮುಟ್ಟುವುದು ಖಚಿತವಿಲ್ಲ. ನಾರಾಯಣಪುರ ಬಲದಂಡೆಯ 5ಎ ಶಾಖಾ ಕಾಲುವೆಗಾಗಿ 2020-21ರಲ್ಲಿ ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತದ್ದು ಈ ಕಾರಣಕ್ಕೆ. ಸಭೆಯ ಹಾಜರಾತಿ ಪುಸ್ತಕವನ್ನು ಈ ನೀರಿನ ನಕ್ಷೆಯ ಪಕ್ಕದಲ್ಲಿಟ್ಟು ಓದದ ಹೊರತು ಅದರ ಅರ್ಥವಾಗುವುದಿಲ್ಲ.

ಇಲ್ಲಿ ಮಾತು ಸ್ವಲ್ಪ ಪಕ್ಕಕ್ಕೆ ಸರಿದರೂ ಒಂದು ಸಂಗತಿ ಹೇಳಬೇಕು. ವರದಿಯು ಮಸ್ಕಿಯನ್ನು ‘ಹಿಂದುಳಿದ ಊರು’ ಎಂದು ಕರೆದು ಮುಂದೆ ಸಾಗುತ್ತದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಒಬ್ಬರ ಕಣ್ಣಿಗೆ ಬಿದ್ದ ಅಶೋಕನ ಶಾಸನವಿರುವುದು ಆ ಊರಿನ ಬೆಟ್ಟದಲ್ಲಿ. ದೇವಾನಾಂಪ್ರಿಯನೆಂಬವನು ಅಶೋಕನೇ ಎಂದು ವಿದ್ವಾಂಸರಿಗೆ ನಿಶ್ಚಯವಾದದ್ದು ಅದರಿಂದ. ಧರ್ಮದಲ್ಲಿ ನಡೆದರೆ ಸಣ್ಣವರೂ ಮೇಲಾದುದನ್ನು ಪಡೆಯಬಲ್ಲರು, ಅದು ದೊಡ್ಡವರಿಗೆ ಮಾತ್ರವೆಂದು ಎಣಿಸಬಾರದು ಎಂಬ ಅಭಿಪ್ರಾಯ ಆ ಬಂಡೆಯ ಮೇಲಿದೆ. ಹೊಸ ಸಭಾಪಾಲಕನು ಬಂಡೆಯನ್ನು ನೋಡಲೇಬೇಕೆಂಬ ನಿಯಮವಿಲ್ಲ. ಆದರೆ ಊರೊಂದನ್ನು ಹಿಂದುಳಿದದ್ದೆಂದು ಬರೆಯುವ ಮೊದಲು ಅದರಲ್ಲಿ ಏನಿದೆಯೆಂದು ಕೇಳುವುದು ಸೌಜನ್ಯ. ಲಿಂಗಸುಗೂರು ತಾಲ್ಲೂಕನ್ನು ‘ಸುವಾರ್ತೆಗೆ ಹೊಸ ಕ್ಷೇತ್ರ’ ಎಂದಿರುವುದೂ ಇಂಥದೇ. ಅದೇ ತಾಲ್ಲೂಕಿನ ಮುದಗಲ್‌ನಲ್ಲಿ ಆದಿಲ್‌ಶಾಹಿಯ ಕಾಲದಿಂದ ಬಂದ ಕಥೋಲಿಕ ಸಮುದಾಯವಿದೆ.

ಲಿಂಗಸುಗೂರಿನ ಅಧ್ಯಾಯದ ಮಧ್ಯದಲ್ಲಿ ಒಂದು ಪ್ರಸಂಗದ ಸಾರಾಂಶವಿದೆ. ವಿಷಯ: ತಪ್ಪಿಹೋದ ಮಗ. ಊರು ಬಿಟ್ಟು ಹೋದವರಿಗಾಗಿ ಮನೆಯವರು ಪ್ರಾರ್ಥಿಸಬೇಕೆಂಬ ಸದುದ್ದೇಶದಿಂದ ಈ ಸಾಮ್ಯವನ್ನು ಆರಿಸಿಕೊಳ್ಳಲಾಯಿತು. ಎದುರಿಗೆ ಕುಳಿತವರು ಯಾರು? ಅಜ್ಜಿಯರು. ಅವರ ಮಕ್ಕಳು ದೂರದೇಶಕ್ಕೆ ಹೋದದ್ದು ಆಸ್ತಿಯನ್ನು ಪಾಲು ಮಾಡಿಸಿಕೊಂಡಲ್ಲ, ಪಾಲಿಗೆ ಏನೂ ಇಲ್ಲದ್ದರಿಂದ. ಅವರು ಅಲ್ಲಿ ಹಣವನ್ನು ಹಾಳುಮಾಡುವುದಿಲ್ಲ, ಊರಿಗೆ ಕಳುಹಿಸುತ್ತಾರೆ. ಚಾಪೆಯ ಮೇಲೆ ಕುಳಿತಿದ್ದ ಮಕ್ಕಳು ಉಂಡದ್ದು ಆ ಹಣದ ಅನ್ನ. ಲೂಕನ ಸುವಾರ್ತೆಯ ಅತಿ ಮೃದುವಾದ ಕಥೆಯು ಆ ರಾತ್ರಿ, ಬೋಧಕರ ಅರಿವಿಗೆ ಬಾರದೆ, ದುಡಿಯುವ ಮಗನ ಮೇಲಿನ ಆರೋಪವಾಯಿತು. ಪ್ರಸಂಗ ಮುಗಿದ ಮೇಲೆ ಒಬ್ಬ ಮುದುಕಿ ತನ್ನ ಮಗ ಕುಡಿಯುವವನಲ್ಲವೆಂದು ಬಂದು ಹೇಳಿದರೆಂದು ವರದಿಯಲ್ಲಿದೆ. ವರದಿಕಾರರು ಇದನ್ನು ಪ್ರಸಂಗವು ಹೃದಯವನ್ನು ಮುಟ್ಟಿದ್ದಕ್ಕೆ ಸಾಕ್ಷಿಯಾಗಿ ಬರೆದಿದ್ದಾರೆ. ನಾವು ಅದನ್ನು ಒಬ್ಬ ತಾಯಿ ತನ್ನ ಮಗನ ಪರವಾಗಿ ಮಾಡಿದ ವಾದವಾಗಿ ಓದುತ್ತೇವೆ.

ಸತ್ಯವೇದದಲ್ಲಿ ಗುಳೆಯ ಪುಸ್ತಕವೇ ಒಂದಿದೆ. ಬರಗಾಲ ಬಂದಾಗ ಎಲೀಮೆಲೆಕನು ಹೆಂಡತಿ ಮತ್ತು ಇಬ್ಬರು ಮಕ್ಕಳೊಡನೆ ಬೇತ್ಲೆಹೇಮನ್ನು ಬಿಟ್ಟು ಮೋವಾಬಿಗೆ ಹೋದನು. ರೂತಳ ಪುಸ್ತಕದ ನಿರೂಪಕನು ಅವನನ್ನು ಅವಿಶ್ವಾಸಿಯೆಂದು ಎಲ್ಲಿಯೂ ಕರೆದಿಲ್ಲ, ಹೋದನೆಂದಷ್ಟೇ ಹೇಳುತ್ತಾನೆ. ಹಿಂದಿನ ಕೆಲವು ವ್ಯಾಖ್ಯಾನಕಾರರು ಆ ಸಾವುಗಳನ್ನು ವಾಗ್ದತ್ತ ದೇಶವನ್ನು ತೊರೆದ ಶಿಕ್ಷೆಯೆಂದು ವಿವರಿಸಿದ್ದುಂಟು. ಮೂಲದಲ್ಲಿ ಇಲ್ಲದ ತೀರ್ಪನ್ನು ವ್ಯಾಖ್ಯಾನವು ಸೇರಿಸುವ ರೂಢಿ ಹಾಜರಾತಿ ಪುಸ್ತಕಕ್ಕೆ ಮಾತ್ರ ಸೀಮಿತವಲ್ಲವೆಂದಾಯಿತು. ಮೊದಲನೆಯ ಅಧ್ಯಾಯದ ಕೊನೆಗೆ ನೊವೊಮಿಯು ಸೊಸೆಯೊಡನೆ ಮರಳಿದಾಗ ನಿರೂಪಕನು ಕಾಲವನ್ನು ಹೆಸರಿಸುತ್ತಾನೆ: ಜವೆಗೋಧಿಯ ಸುಗ್ಗಿಯ ಆರಂಭ. ಯಾವ ಋತುವಿನಲ್ಲಿ ಯಾರು ಊರಲ್ಲಿರುತ್ತಾರೆಂಬುದು ಅವನಿಗೆ ಗೊತ್ತಿತ್ತು.

ತರಬೇತಿಯ ಕಾಲವನ್ನು ನಿಶ್ಚಯಿಸುವುದು ಶಾಲಾ ರಜೆ ಮತ್ತು ಪರೀಕ್ಷೆಗಳ ಪಟ್ಟಿ. ಆದ್ದರಿಂದ ಹೊಸ ಸಭಾಪಾಲಕರು ಈ ಒಣ ಹಳ್ಳಿಗಳನ್ನು ಕಾಣುವುದು ಅವು ಅತಿ ಬರಿದಾಗಿರುವ ಎರಡು ತಿಂಗಳಲ್ಲಿ. ಗುಳೆ ಹೋದವರು ಬಿತ್ತನೆಗೆ ಮರಳುತ್ತಾರೆ, ಹಬ್ಬಕ್ಕೆ ಮರಳುತ್ತಾರೆ; ಮುದಗಲ್ಲಿನ ಮೊಹರಂ ಅಂಥ ಒಂದು ಹಬ್ಬ. ಬೇಸಿಗೆಯಲ್ಲಿ ಹೋಗಬಾರದೆಂದು ನಾವು ಹೇಳುತ್ತಿಲ್ಲ. ಬೇಸಿಗೆಯ ಚಿತ್ರವನ್ನು ಇಡೀ ವರ್ಷದ ಚಿತ್ರವೆಂದು ಒಪ್ಪಿಸಬಾರದು ಎಂಬುದಷ್ಟೇ ನಮ್ಮ ವಾದ. ಇದರಲ್ಲಿ ಪಣಕ್ಕಿರುವುದು ಶೈಲಿಯಲ್ಲ. ಅನೇಕ ಸಭೆಗಳಲ್ಲಿ ದೀರ್ಘಕಾಲದ ಗೈರುಹಾಜರಿಯೂ ಬಾಕಿಬಿದ್ದ ಚಂದಾವೂ ಸದಸ್ಯರ ಪಟ್ಟಿಯಿಂದ ಹೆಸರು ತೆಗೆಯಲು ಕಾರಣವಾಗುತ್ತವೆ. ‘ವಿಶ್ವಾಸ ತಣ್ಣಗಾಗಿದೆ’ ಎಂದು ಹೊಸಬರು ಬರೆದ ಸಾಲು ಆ ಪಟ್ಟಿಯನ್ನು ಪರಿಶೀಲಿಸುವವರ ಕೈಸೇರಿದರೆ, ಮಗುವಿನ ದೀಕ್ಷಾಸ್ನಾನಕ್ಕೋ ಮುದುಕರ ಸಮಾಧಿಗೋ ಊರಿಗೆ ಓಡಿಬಂದ ಕುಟುಂಬವು ತಾನು ಸಭೆಗೆ ಸೇರಿದ್ದೇನೆಂದು ಮತ್ತೊಮ್ಮೆ ರುಜುವಾತು ಮಾಡಬೇಕಾಗುತ್ತದೆ.

ಇನ್ನು ಕೆಲವು ಮನೆಗಳವರು ಪಟ್ಟಿಯಲ್ಲಿ ಹೆಸರು ಬರೆಸಲು ಹಿಂಜರಿದರೆಂದು ವರದಿ ದೂರುತ್ತದೆ. ಧೈರ್ಯದ ಕೊರತೆಯೆಂದು ಅದರ ವಿವರಣೆ. ಪರಿಶಿಷ್ಟ ಜಾತಿಗಳ ಕುರಿತ 1950ರ ರಾಷ್ಟ್ರಪತಿಗಳ ಆದೇಶದ 3ನೆಯ ಖಂಡವನ್ನು ಓದಿದವರು ಹೀಗೆ ಬರೆಯಲಾರರು. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿಕೊಂಡ ಆ ಆದೇಶವು ಕ್ರೈಸ್ತರನ್ನು ಇಂದಿಗೂ ಹೊರಗಿಟ್ಟಿದೆ. ಹೆಸರು ಬರೆಸುವುದಕ್ಕೆ ದಲಿತ ಕುಟುಂಬವೊಂದು ತೆರುವ ಬೆಲೆಯನ್ನು ತಿಳಿಯದೆ ಅದರ ಧೈರ್ಯವನ್ನು ಅಳೆಯುವುದು ಸಭಾಪಾಲನೆಯಲ್ಲ.

ಸತ್ಯವೇದದ ಅತ್ಯಂತ ಪ್ರಸಿದ್ಧ ಕ್ಷೇತ್ರವರದಿ ಅರಣ್ಯಕಾಂಡದ 13ನೆಯ ಅಧ್ಯಾಯದಲ್ಲಿದೆ. ಮೋಶೆಯು ಗೂಢಚಾರರಿಗೆ ಕೊಟ್ಟ ಪ್ರಶ್ನೆಗಳನ್ನು ಗಮನಿಸಿರಿ: ಜನರು ಬಲಿಷ್ಠರೋ ದುರ್ಬಲರೋ, ಕೆಲವರೋ ಬಹಳ ಮಂದಿಯೋ, ವಾಸಿಸುವುದು ಪಾಳೆಯಗಳಲ್ಲೋ ಕೋಟೆಗಳಲ್ಲೋ, ಭೂಮಿ ಸಾರವುಳ್ಳದ್ದೋ ನಿಸ್ಸಾರವೋ, ಮರಗಳುಂಟೋ ಇಲ್ಲವೋ. ಅದು ದ್ರಾಕ್ಷೆಯ ಮೊದಲ ಹಣ್ಣುಗಳ ಕಾಲವೆಂದು ಋತುವನ್ನೂ ಬರೆದಿಡಲಾಗಿದೆ. ನಮ್ಮ ತರಬೇತಿಯ ನಮೂನೆಯಲ್ಲಿ ಈ ಪ್ರಶ್ನೆಗಳ ಪೈಕಿ ‘ಎಷ್ಟು ಮಂದಿ’ ಎಂಬುದೊಂದೇ ಇದೆ. ಮಣ್ಣಿನ ಕುರಿತು ಪ್ರಶ್ನೆಯಿಲ್ಲ. ಗೂಢಚಾರರಲ್ಲಿ ಹತ್ತು ಮಂದಿ ಕಂಡ ಸಂಗತಿಗಳಲ್ಲಿ ಹೆಚ್ಚಿನವು ಸುಳ್ಳಲ್ಲ: ಕೋಟೆಗಳಿದ್ದವು, ಜನರು ಬಲಿಷ್ಠರಾಗಿದ್ದರು. ಕೆಟ್ಟದ್ದು ಅವರ ಓದು. ಮಸ್ಕಿಯ ಪುಟದಲ್ಲಿ ಸಂಖ್ಯೆ ಸರಿಯಿದ್ದು ಅರ್ಥ ತಪ್ಪಿದ್ದು ಹೊಸ ಸಂಗತಿಯೇನಲ್ಲ.

ಬೇಸಿಗೆ ತರಬೇತಿಯು ಬೇರೆ ರೀತಿಯದಾಗಿರಬಲ್ಲದೆಂಬುದಕ್ಕೆ ನಿದರ್ಶನವೂ ಉಂಟು. 1925ರ ಬೇಸಿಗೆಯಲ್ಲಿ ಆಂಟನ್ ಬಾಯ್ಸನ್ ಎಂಬ ಬೋಧಕರು ಅಮೆರಿಕದ ವೂಸ್ಟರ್‌ನ ಮಾನಸಿಕ ಆಸ್ಪತ್ರೆಗೆ ಕೆಲವು ದೈವಶಾಸ್ತ್ರ ವಿದ್ಯಾರ್ಥಿಗಳನ್ನು ಕರೆದೊಯ್ದರು. ತಾವೇ ಒಮ್ಮೆ ಅಂಥ ಆಸ್ಪತ್ರೆಯಲ್ಲಿ ರೋಗಿಯಾಗಿದ್ದ ಬಾಯ್ಸನ್ನರು, ಗ್ರಂಥಗಳನ್ನು ಓದುವ ಶ್ರದ್ಧೆಯಿಂದಲೇ ಮನುಷ್ಯರ ಬಾಳನ್ನು ಓದಲು ಕಲಿಯಬೇಕೆಂದು ಬಯಸಿದರು. ಅಲ್ಲಿ ವಿದ್ಯಾರ್ಥಿಯು ಬರೆಯಬೇಕಾದದ್ದು ಒಬ್ಬ ರೋಗಿಯ ಚರಿತ್ರೆಯನ್ನು; ತಾನು ಮಾಡಿದ ಕೂಟಗಳ ಲೆಕ್ಕವನ್ನಲ್ಲ. ಆಸ್ಪತ್ರೆಯ ಕ್ರಮವನ್ನು ಹಾಗೆಯೇ ಹಳ್ಳಿಗೆ ತರಲಾಗದು. ಆದರೂ ಎರಡು ತಿಂಗಳಲ್ಲಿ ಒಂದೇ ಒಂದು ಮನೆಯ ಚರಿತ್ರೆಯನ್ನು, ಯಾರು ಯಾವ ತಿಂಗಳು ಹೋದರು, ಮುಂಗಡ ಎಷ್ಟು, ಮರಳುವುದು ಯಾವಾಗ, ಅಲ್ಲಿ ಭಾನುವಾರ ಎಲ್ಲಿ ಕೂಡುತ್ತಾರೆ ಎಂಬುದನ್ನು ಆ ಮನೆಯವರದೇ ಶಬ್ದಗಳಲ್ಲಿ ಬರೆದಿದ್ದರೆ, ಮೂವತ್ತು ಕೂಟಗಳ ಪಟ್ಟಿಗಿಂತ ಅದು ಮುಂದಿನ ಸಭಾಪಾಲಕರಿಗೆ ಹೆಚ್ಚು ಉಪಯುಕ್ತವಾಗುತ್ತಿತ್ತು.

ಈ ವರದಿಕಾರರಿಗೆ ಅದು ಅಸಾಧ್ಯವಾಗಿರಲಿಲ್ಲ. ಜೂನಿನ ಮೊದಲ ವಾರ ಅವರು ಲಿಂಗಸುಗೂರಿನಿಂದ ಹೊರಟ ಬೆಳಿಗ್ಗೆ, ಬೆಂಗಳೂರಿನಿಂದ ಬಂದ ಬಸ್ಸಿನಿಂದ ಗಂಟುಮೂಟೆ, ಪಾತ್ರೆ, ಮಡಚಿದ ತಾಡಪಾಲುಗಳೊಡನೆ ಕುಟುಂಬಗಳು ಇಳಿಯುತ್ತಿದ್ದುದನ್ನು, ಅವರಲ್ಲೊಬ್ಬ ಹೆಂಗಸು ಇವರ ಕೈಯಲ್ಲಿದ್ದ ಸತ್ಯವೇದವನ್ನು ಕಂಡು ಯಾವ ಊರಿನ ಸಭೆಯವರೆಂದು ವಿಚಾರಿಸಿದ್ದನ್ನು ಅವರು ನೋಡಿದ್ದಾರೆ, ಬರೆದೂ ಇದ್ದಾರೆ. ವರದಿಯ ಅತ್ಯುತ್ತಮ ಸಾಲು ಅದು. ನಮೂನೆಯಲ್ಲಿ ಅದಕ್ಕೆ ತಕ್ಕ ಅಂಕಣವಿಲ್ಲದ ಕಾರಣ ಕೊನೆಯ ಪುಟದಲ್ಲಿ, ‘ಇತರೆ’ ಎಂಬ ಶೀರ್ಷಿಕೆಯ ಕೆಳಗೆ, ಬಸ್ ಖರ್ಚಿನ ಲೆಕ್ಕದ ಪಕ್ಕದಲ್ಲಿದೆ.