ಹೆಜ್ಜೆ ಸಪ್ಪಳದ ಲೆಕ್ಕ

ನಿಂಟೆಂಡೊ 1981ರಲ್ಲಿ ಹೊರತಂದ ‘ಡಾಂಕಿ ಕಾಂಗ್’ ಆರ್ಕೇಡ್ ಆಟದಲ್ಲಿ ಒಬ್ಬ ಬಡಗಿ ಕಬ್ಬಿಣದ ತೊಲೆಗಳ ಮೇಲೆ ನಡೆಯುತ್ತಾನೆ. ಮುಂದೆ ಮಾರಿಯೊ ಎಂದು ಹೆಸರಾದವನು ಇವನೇ. ಕಣ್ಣು ಮುಚ್ಚಿ ಆ ನಡಿಗೆಯನ್ನಷ್ಟೇ ಕೇಳಿ, ಒಂದು ಹೆಜ್ಜೆಯ ಸದ್ದು ಇನ್ನೊಂದರಂತಿರುವುದಿಲ್ಲ. ಯಾರೋ ಕೂತು ಹಾಗೆ ಪ್ರೋಗ್ರಾಂ ಬರೆದಿರಬೇಕು ಅನಿಸುತ್ತದೆ. ಯಾರೂ ಬರೆದಿಲ್ಲ. ಆಟದ ಸಂಗೀತಕ್ಕೆ ಬೇರೊಂದು ಪ್ರೊಸೆಸರ್ ಇತ್ತು. ನಡಿಗೆ, ನೆಗೆತ, ಎದುರಾಳಿ ಗೊರಿಲ್ಲಾ ಕಾಲು ಅಪ್ಪಳಿಸುವ ಸದ್ದುಗಳನ್ನು ಮಾತ್ರ ರೆಸಿಸ್ಟರ್, ಕೆಪಾಸಿಟರ್, 555 ಟೈಮರ್‌ಗಳಿಗೆ ಬಿಟ್ಟಿದ್ದರು. ‘ಹೆಜ್ಜೆ ಬಿತ್ತು’ ಎಂದು ಒಂದು ತಂತಿಗೆ ಸುದ್ದಿ ಮುಟ್ಟಿಸಿದರೆ ಪ್ರೋಗ್ರಾಮಿನ ಕೆಲಸ ಮುಗಿಯಿತು. ಅತ್ತ ಇನ್ನೊಂದು ಆಸಿಲೇಟರ್ ನಿಧಾನವಾಗಿ ಏರಿಳಿಯುತ್ತ ಟೈಮರಿನ ಸ್ವರವನ್ನು ಎಳೆದಾಡುತ್ತಲೇ ಇರುತ್ತದೆ. ಹೆಜ್ಜೆ ಬಿದ್ದ ಗಳಿಗೆಯಲ್ಲಿ ಅದು ಎಲ್ಲಿದೆಯೋ ಅದಕ್ಕೆ ತಕ್ಕ ಸದ್ದು.

ಇಂಥ ಆಟಗಳನ್ನು ಕಂಪ್ಯೂಟರಿಗೆ ತಂದವರು ಮೊದಲು ಸುಲಭದ ದಾರಿ ಹಿಡಿದರು. ಇಟಲಿಯ ನಿಕೊಲಾ ಸಾಲ್ಮೋರಿಯಾ 1997ರಲ್ಲಿ ಶುರುಮಾಡಿದ ‘ಮೇಮ್’ ಎಮ್ಯುಲೇಟರ್ ಎಷ್ಟೋ ಹಳೆಯ ಆಟಗಳಿಗೆ ರೆಕಾರ್ಡ್ ಮಾಡಿಟ್ಟ ತುಣುಕುಗಳನ್ನೇ ನುಡಿಸುತ್ತಿತ್ತು. ಮೊದಲ ಎರಡು ನಿಮಿಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ರಬ್ಬರ್ ಸ್ಟ್ಯಾಂಪ್ ಒತ್ತಿದ ಹಾಗೆ ಅದದೇ ಸದ್ದು ಬಂದು ಕಿವಿಗೆ ಬೇಸರ ಹಿಡಿಯುತ್ತದೆ.

ನಂತರದವರು ಸರ್ಕ್ಯೂಟಿನ ನಕ್ಷೆಯನ್ನೇ ಮುಂದಿಟ್ಟುಕೊಂಡರು. ಯಾವ ಕೆಪಾಸಿಟರಿನಲ್ಲಿ ಈಗ ಎಷ್ಟು ವೋಲ್ಟ್ ಉಳಿದಿದೆ ಎಂದು ಸೆಕೆಂಡಿಗೆ ಸಾವಿರಾರು ಸಲ ಲೆಕ್ಕ ಹಾಕುವ ದಾರಿ ಅದು. ಅಟಾರಿಯ ‘ಪಾಂಗ್’ (1972) ಆಟದಲ್ಲಿ ಪ್ರೊಸೆಸರೇ ಇಲ್ಲ, ಇಡೀ ಆಟವೇ ಸರ್ಕ್ಯೂಟು. ಅದನ್ನೂ ಮೇಮ್ ಈಗ ಹೀಗೇ ನಡೆಸುತ್ತದೆ. ನನ್ನ ಓಟು ಈ ದಾರಿಗೇ. ಹಿಂದಿನ ಹೆಜ್ಜೆಯ ಚಾರ್ಜ್ ಇಳಿಯುವ ಮೊದಲೇ ಮುಂದಿನದು ಬಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ರೆಕಾರ್ಡಿಂಗಿನ ಬಳಿ ಉತ್ತರವಿಲ್ಲ, ಲೆಕ್ಕದ ಬಳಿ ಇದೆ.

ಆದರೆ ಈ ಬಳಗದ ಕೆಲವರು ‘ಮೂಲದ ಸದ್ದು ಇದೇ’ ಎಂದು ಪಟ್ಟು ಹಿಡಿಯುತ್ತಾರಲ್ಲ, ಅಲ್ಲಿ ನನ್ನ ತಕರಾರು. ಯಾವ ಮೂಲ? ನಕ್ಷೆಯಲ್ಲಿರುವುದು ಕಾಗದದ ಮೇಲಿನ ಬೆಲೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬರೆದದ್ದಕ್ಕಿಂತ ಶೇ. 20ರಷ್ಟು ಆಚೀಚೆ ಇದ್ದರೂ ಕಾರ್ಖಾನೆ ಅದನ್ನು ಸರಿಯಾದದ್ದೆಂದೇ ಮಾರುತ್ತದೆ. 555ರಲ್ಲಿ ಕೆಪಾಸಿಟರ್ ದೊಡ್ಡದಾದಷ್ಟೂ ಸ್ವರ ತಗ್ಗುತ್ತದೆ. ಒಂದು ಬೋರ್ಡಿಗೆ ಶೇ. 80ರದ್ದು, ಇನ್ನೊಂದಕ್ಕೆ 120ರದ್ದು ಬಿತ್ತು ಅನ್ನಿ. ಎರಡರ ಅಂತರ ಮೂರಕ್ಕೆ ಎರಡು, ಅಂದರೆ ಷಡ್ಜದಿಂದ ಪಂಚಮ! ಅಷ್ಟು ದೂರ ಹೋಗುವುದು ಅಪರೂಪ, ನಿಜ. ಆದರೂ ಅಕ್ಕಪಕ್ಕದ ಎರಡು ಯಂತ್ರಗಳು ಒಂದೇ ಶ್ರುತಿಯಲ್ಲಿರಬೇಕೆಂದು ಯಾರೂ ಕರಾರು ಬರೆದುಕೊಟ್ಟಿರಲಿಲ್ಲ. ಮೇಲೆ 40 ವರ್ಷದಲ್ಲಿ ಒಣಗಿದ ಕೆಪಾಸಿಟರ್ ಬೇರೆ. ಅಂಥ ಬೋರ್ಡನ್ನು ಅಳೆದು ಲೆಕ್ಕ ಸರಿಪಡಿಸುವವರು ಮೂಲವನ್ನು ಹಿಡಿಯುತ್ತಿದ್ದಾರೋ ಮುಪ್ಪನ್ನೋ?

ಒಂದೊಂದು ಬಿಡಿಭಾಗದ ಬೆಲೆಯನ್ನೂ ತುಸು ಸರಿಸಿ ಕೇಳುವ ತಿರುಗುಗುಂಡಿಯನ್ನು ಈ ಎಮ್ಯುಲೇಟರುಗಳು ಆಡುವವರ ಕೈಗೇ ಕೊಡಲಿ ಎಂಬುದು ನನ್ನ ಬೇಡಿಕೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಸಾಮಾನಿನಲ್ಲಿ ನಾನು ಬ್ರೆಡ್‌ಬೋರ್ಡಿನ ಮೇಲೆ ಕಟ್ಟಿಕೊಂಡ ನಡಿಗೆ ಮೇಮ್‌ನದಕ್ಕಿಂತ ಕೊಂಚ ತಗ್ಗು ಶ್ರುತಿಯಲ್ಲಿದೆ. ಕೆಪಾಸಿಟರ್ ಬದಲಾಯಿಸಿಲ್ಲ.